ತೋಟದ ಕೋವಿಗೆ ತಕ್ಕ ತೋಟೆ

ಕಾಸರಗೋಡಿನ ಬದಿಯಡ್ಕ, ಎಣ್ಮಕಜೆ, ಕಾರಡ್ಕ, ದೇಲಂಪಾಡಿಯ ಕಡೆ ಅಡಕೆ ತೋಟದ ಕೆಲವು ಹಳೆಯ ಮನೆಗಳಲ್ಲಿ ಇವತ್ತಿಗೂ ಪರವಾನಗಿಯ ಕೋವಿ ಇದೆ. ಸಾಮಾನ್ಯವಾಗಿ 12 ಬೋರಿನದು, ಒಂಟಿ ನಳಿಗೆಯದೋ ಜೋಡುನಳಿಗೆಯದೋ. ಕಾಡುಹಂದಿ ಒಂದು ರಾತ್ರಿ ಇಳಿದರೆ ಬಾಳೆ, ಮರಗೆಣಸು, ಹೊಸ ಅಡಕೆ ಸಸಿ ಎಲ್ಲವೂ ಬುಡಮೇಲು. ಆದರೆ ಲೈಸನ್ಸು ಇದ್ದ ಮಾತ್ರಕ್ಕೆ ಹಂದಿಗೆ ಗುಂಡು ಹೊಡೆಯುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪ್ಪಣೆ ಬೇಕು. 2022ರ ಮೇ ತಿಂಗಳಲ್ಲಿ ಕೇರಳ ಸರಕಾರ ಆ ಅಪ್ಪಣೆ ಕೊಡುವ ಅಧಿಕಾರವನ್ನು ಸ್ಥಳೀಯಾಡಳಿತದ ಅಧ್ಯಕ್ಷರಿಗೆ ಒಪ್ಪಿಸಿತು. ವಿಷ, ಸಿಡಿಮದ್ದು, ವಿದ್ಯುತ್ ತಂತಿ ನಿಷಿದ್ಧ. ಉಳಿದದ್ದು ಕೋವಿಯೊಂದೇ.

ಗಡಿಯಾಚೆಯ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸನ್ಸಿನಿಂದ ವಿನಾಯಿತಿ ಉಂಟು. ಇಲ್ಲಿ ಹಾಗಲ್ಲ, ಕೋವಿಗೂ ಲೈಸನ್ಸು, ತೋಟೆಗೂ ಲೆಕ್ಕ. ಕೊಂಡ ತೋಟೆಗಳೆಲ್ಲ ಲೈಸನ್ಸಿನಲ್ಲಿ ದಾಖಲಾಗುತ್ತವೆ. ಹೀಗೆ ಮಿತಿಯಲ್ಲಿ ಸಿಗುವ ವಸ್ತುವನ್ನು "12 ಬೋರಿನದು ಕೊಡಿ" ಎಂದಷ್ಟೇ ಹೇಳಿ ತರುವುದು ತಪ್ಪು.

ಮೊದಲು ಓದಬೇಕಾದದ್ದು ಕೋವಿಯನ್ನು. ನಳಿಗೆಯನ್ನು ಬಿಚ್ಚಿ ಅಡಿಭಾಗ ನೋಡಿದರೆ 65 ಅಥವಾ 70 ಎಂದೋ, ಇಂಚಿನಲ್ಲಿ ಎರಡೂವರೆ ಅಥವಾ ಎರಡೂಮುಕ್ಕಾಲು ಎಂದೋ ಅಚ್ಚು ಇರುತ್ತದೆ. ಅದು ತೋಟೆ ಕೂರುವ ಕೋಣೆಯ ಉದ್ದ. ತೋಟೆಯ ಪೆಟ್ಟಿಗೆಯ ಮೇಲೆ 70 ಮಿ.ಮೀ. ಎಂದಿರುವುದು ಹಾರಿಸಿದ ಮೇಲೆ ಬಾಯಿ ಬಿಚ್ಚಿಕೊಂಡಾಗಿನ ಉದ್ದ. ಮಡಿಚಿದ ಸ್ಥಿತಿಯಲ್ಲಿ ಅದು 65ರ ಕೋಣೆಯಲ್ಲೂ ಸಲೀಸಾಗಿ ಕೂರುತ್ತದೆ! ಅಪಾಯ ಇರುವುದು ಅಲ್ಲೇ. ಹಾರಿಸಿದಾಗ ಬಾಯಿ ಪೂರ್ತಿ ಬಿಚ್ಚಲು ಜಾಗ ಸಾಲದೆ ಒತ್ತಡ ಏರುತ್ತದೆ. 20 ಬೋರಿನ ತೋಟೆಯ ಕಥೆ ಇನ್ನೂ ಭೀಕರ. ಅದು 12ರ ನಳಿಗೆಯೊಳಗೆ ಜಾರಿ ನಡುವೆ ಸಿಕ್ಕಿಕೊಳ್ಳುತ್ತದೆ. ಖಾಲಿ ಎಂದುಕೊಂಡು ಹಿಂದಿನಿಂದ ಇನ್ನೊಂದು ತುಂಬಿ ಹಾರಿಸಿದರೆ ನಳಿಗೆ ಸಿಡಿಯುತ್ತದೆ. 20ರ ತೋಟೆಗೆ ಹಳದಿ ಬಣ್ಣ ಗೊತ್ತುಮಾಡಿರುವುದು ಇದೇ ಕಾರಣಕ್ಕೆ. ಅಜ್ಜನ ಕಾಲದ ಕೋವಿಯ ನಳಿಗೆಯ ಮೇಲೆ ಸುರುಳಿ ಸುರುಳಿ ಗೆರೆಗಳಿದ್ದರೆ ಅದು ಕರಿಮದ್ದಿನ ಕಾಲದ್ದು. ಇಂದಿನ ಹೊಗೆಯಿಲ್ಲದ ಮದ್ದನ್ನು ಅದರಲ್ಲಿ ಹಾರಿಸಲೇಬೇಡಿ.

ಇನ್ನು ತೋಟೆಯೊಳಗಿನ ಚರೆ. ಎಲ್‌ಜಿ ದಪ್ಪ, ಒಂದು ಔನ್ಸಿಗೆ 6. ಎಸ್‌ಜಿ ಅದಕ್ಕಿಂತ ಸಣ್ಣದು, 8. ಹಂದಿಗೆ ಬಳಸುವುದು ಇವನ್ನೇ. ಹಕ್ಕಿಗೆಂದು ಮಾಡಿದ ಸಣ್ಣ ಚರೆ ಹಂದಿಯನ್ನು ಕೊಲ್ಲದೆ ಗಾಯ ಮಾಡಿ ಬಿಡುತ್ತದೆ. ಅದು ಕ್ರೌರ್ಯ, ಗಾಯಗೊಂಡ ಹಂದಿ ಮರುದಿನ ಹುಲ್ಲು ಕೊಯ್ಯಲು ಬಂದವರ ಮೇಲೂ ನುಗ್ಗೀತು. ಯಾವುದು ಗುರಿಗೆ ಸರಿ ಎಂದು ಅಂಗಡಿಯವರು ಹೇಳಲಾರರು. ಪ್ರತಿ ನಳಿಗೆಯ ಬಾಯಿಯ ಬಿಗಿ ಬೇರೆ. ಜೋಡುನಳಿಗೆಯಲ್ಲಂತೂ ಸಾಮಾನ್ಯವಾಗಿ ಎಡದ್ದು ಹೆಚ್ಚು ಬಿಗಿ. ಗುರಿ ಅಭ್ಯಾಸಕ್ಕೆ ಅನುಮತಿಯಿರುವ ಜಾಗದಲ್ಲಿ ರಟ್ಟು ನಿಲ್ಲಿಸಿ, ಚರೆ ಎಷ್ಟು ಅಗಲಕ್ಕೆ ಚೆದರಿತೆಂದು ನೋಡಿದರೆ ಎಷ್ಟು ದೂರದವರೆಗೆ ಹೊಡೆಯಬಹುದೆಂದು ತಿಳಿಯುತ್ತದೆ. ಹಿಂದೆ ಮಣ್ಣಿನ ದಿಬ್ಬ ಇರಲಿ, ಮುರಕಲ್ಲಿನ ಬರೆ ಬೇಡ. ಕಲ್ಲಿಗೆ ಬಡಿದ ಸೀಸ ಎತ್ತಲೋ ಹಾರುತ್ತದೆ.

.315 ರೈಫಲ್ ಇದ್ದರೆ ಒಳ್ಳೆಯದಲ್ಲವೇ ಎಂದು ಕೇಳುವವರಿದ್ದಾರೆ. ಅದರ ಗುಂಡು ಗುರಿ ತಪ್ಪಿದರೆ ಕಿಲೋಮೀಟರುಗಟ್ಟಲೆ ಹೋಗಬಲ್ಲದು. ಗುಡ್ಡಕ್ಕೊಂದು, ಬೈಲಿಗೊಂದು ಮನೆ ಚದುರಿರುವ ಈ ಸೀಮೆಗೆ ನಾನಂತೂ ಅದನ್ನು ಒಪ್ಪಲಾರೆ.

ನಮ್ಮ ಮಳೆಯೂ ತೋಟೆಗೆ ಶತ್ರು. ಹಳೆಯ ಕಾಗದದ ತೋಟೆ ಥಂಡಿಗೆ ಉಬ್ಬುತ್ತದೆ, ಹಿತ್ತಾಳೆಯ ಬುಡ ಹಸಿರು ಕಿಲುಬು ಕಟ್ಟುತ್ತದೆ. ಅಂಥದ್ದನ್ನು ಬಲವಂತವಾಗಿ ತುರುಕಬಾರದು. ಕುದುರೆ ಎಳೆದರೂ ಸದ್ದಾಗದಿದ್ದರೆ ನಳಿಗೆಯನ್ನು ಸುರಕ್ಷಿತ ದಿಕ್ಕಿಗೆ ಹಿಡಿದು ಕನಿಷ್ಠ ಅರ್ಧ ನಿಮಿಷ ಕಾಯಬೇಕು, ತಡವಾಗಿ ಸಿಡಿಯುವುದುಂಟು. ಸದ್ದು ಮಂಕಾಗಿ ಬಂದರೆ ಇನ್ನೊಂದು ಈಡು ಹೊಡೆಯುವ ಮುನ್ನ ನಳಿಗೆಯಲ್ಲಿ ಏನಾದರೂ ಉಳಿದಿದೆಯೇ ನೋಡಬೇಕು.

ಚುನಾವಣೆ ಘೋಷಣೆಯಾದರೆ ಕೋವಿಯನ್ನು ಠಾಣೆಗೆ ಒಪ್ಪಿಸಬೇಕಾಗಿ ಬರುತ್ತದೆ, ಹಂದಿಗೆ ಮಾತ್ರ ನೀತಿಸಂಹಿತೆಯಿಲ್ಲ ಎಂಬುದು ಕೃಷಿಕರ ನ್ಯಾಯವಾದ ಅಳಲು. ತಿಂಗಳುಗಟ್ಟಲೆ ಮೂಲೆಯಲ್ಲಿ ನಿಂತ ಕೋವಿಯನ್ನು ವಾಪಸು ತಂದಾಗ ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿ, ತುಕ್ಕು ಒರೆಸಿ, ಎಣ್ಣೆ ತೆಗೆದ ಮೇಲಷ್ಟೇ ತೋಟೆ ತುಂಬಬೇಕು. ಒಳಗೆ ಕಣಜ ಕಟ್ಟಿದ ಒಂದಿಷ್ಟು ಮಣ್ಣಿನ ಗೂಡಿದ್ದರೂ ನಳಿಗೆ ಉಬ್ಬಲು ಅದು ಸಾಕು.