ಹೆಸರುಕಾಳಿನಷ್ಟು ಗಾಯಕ

ಒಂದು ಹೆಸರುಕಾಳನ್ನು ಎರಡು ಬೆರಳ ನಡುವೆ ಹಿಡಿದು ಕೈ ನೀಳವಾಗಿ ಚಾಚಿ ನೋಡಿ. ಮುನ್ನೂರು ಮೀಟರ್ ಆಚೆ ನಿಂತ ಮನುಷ್ಯ ನಿಮ್ಮ ಕಣ್ಣಿಗೆ ಕಾಣುವುದು ಅಷ್ಟೇ ಎತ್ತರ. 1985ರ ಜನವರಿ 11ರ ರಾತ್ರಿ ರಿಯೊ ಡಿ ಜನೈರೊದ ಹೊರವಲಯದ ಮೈದಾನದಲ್ಲಿ ಹಿಂದಿನ ಸಾಲಿನವರಿಗೆ ಹೆವಿ ಮೆಟಲ್ ಬ್ಯಾಂಡ್ ಐರನ್ ಮೇಡನ್‌ನ ಗಾಯಕ ಬ್ರೂಸ್ ಡಿಕಿನ್ಸನ್ ಕಂಡಿದ್ದರೆ ಹೀಗೆಯೇ ಕಂಡಿರಬೇಕು: ಕುಣಿಯುವ ಒಂದು ಹೆಸರುಕಾಳು. ಬ್ಯಾಂಡಿನ ಆಗಿನ ಪ್ರವಾಸಕ್ಕೆಂದು ಮಾಡಿಸಿದ್ದ ಮೂವತ್ತು ಅಡಿ ಎತ್ತರದ, ಬಟ್ಟೆಪಟ್ಟಿ ಸುತ್ತಿಕೊಂಡ ಈಜಿಪ್ಟಿನ ಹೆಣದ ವೇಷದ ಎಡ್ಡಿ ಎಂಬ ಬೆದರುಬೊಂಬೆಯೂ ಅಷ್ಟು ದೂರಕ್ಕೆ ಒಂದು ನೆಲ್ಲಿಕಾಯಿ.

ಆದರೂ ಅಂದು ಅಲ್ಲಿದ್ದವರು, ಈಗ ಐವತ್ತೈದು ಅರವತ್ತರ ಅಂಚಿನಲ್ಲಿರುವವರು, ಐರನ್ ಮೇಡನ್ ಎಂದ ಕೂಡಲೇ ಹೇಳುವುದು ರಕ್ತದ ಕಥೆ. 'ರೆವಲೇಶನ್ಸ್' ಹಾಡಿನಲ್ಲಿ ಡಿಕಿನ್ಸನ್ ತಾನೇ ಗಿಟಾರ್ ಹಿಡಿದಿದ್ದ. ಅದು ಅವನ ಹಣೆಗೇ ಬಡಿದು ರಕ್ತ ಇಳಿಯಿತು, ಅವನು ಒರೆಸಿಕೊಳ್ಳದೆ ಹಾಡಿದ. ನಡೆದದ್ದು ನಿಜ, ಚಿತ್ರೀಕರಣವಿದೆ. ನನ್ನ ತಕರಾರು ಬೇರೆ. ಹೆಸರುಕಾಳಿನ ಹಣೆಯ ಮೇಲಿನ ರಕ್ತ ಮುನ್ನೂರು ಮೀಟರಿನಿಂದ ಕಾಣುತ್ತದೆಯೆ?

ಆ ರಾತ್ರಿ ಮೇಡನ್ ಮುಖ್ಯ ಬ್ಯಾಂಡ್ ಆಗಿರಲಿಲ್ಲ. ಮೊಟ್ಟಮೊದಲ 'ರಾಕ್ ಇನ್ ರಿಯೊ' ಉತ್ಸವದ ಮೊದಲ ದಿನ ಕೊನೆಗೆ ಬರಬೇಕಾಗಿದ್ದದ್ದು ಕ್ವೀನ್. ಅದಕ್ಕೂ ಮುಂಚಿನ ಸರದಿ ಮೇಡನ್‌ನದು. ಇಂಗ್ಲಿಷಿನಲ್ಲಿ ಸಪೋರ್ಟ್ ಸ್ಲಾಟ್ ಅನ್ನುತ್ತಾರೆ. ನಮ್ಮ ಯಕ್ಷಗಾನ ನೋಡಿದವರಿಗೆ ವಿವರಿಸಬೇಕಿಲ್ಲ: ಹೊತ್ತು ಏರಿದ ಹಾಗೆ ವೇಷದ ತೂಕವೂ ಏರುತ್ತದೆ, ಪೂರ್ವರಂಗಕ್ಕೆ ಎಳೆಯರು, ನಡುರಾತ್ರಿಗೆ ಘಟಾನುಘಟಿಗಳು. ಆದರೆ 1975ರ ಕ್ರಿಸ್‌ಮಸ್ ದಿನ ಲಂಡನ್ನಿನ ಪೂರ್ವ ಭಾಗದಲ್ಲಿ ಸ್ಟೀವ್ ಹ್ಯಾರಿಸ್ ಕಟ್ಟಿದ ಈ ಬ್ಯಾಂಡ್ ಅಷ್ಟರಲ್ಲಿ ಎಳೆಯದೇನೂ ಆಗಿರಲಿಲ್ಲ. ಐದು ಆಲ್ಬಮ್ ಬಂದಿದ್ದವು. 1984ರ ಆಗಸ್ಟ್‌ನಲ್ಲಿ ಪೋಲೆಂಡಿನಲ್ಲಿ ಶುರುವಾದ ಪ್ರವಾಸ ಸುಮಾರು ಹನ್ನೊಂದು ತಿಂಗಳು ನಡೆದು 180ಕ್ಕೂ ಹೆಚ್ಚು ಶೋ ಕಂಡಿತು. ಅಷ್ಟರ ನಡುವೆ ಇನ್ನೊಬ್ಬರಿಗೆ ಮುಂಚೆ ಆಡಿ ಇಳಿಯುವ ಈ ಒಂದು ಸಂಜೆ.

ಈಗ ಲೆಕ್ಕಕ್ಕೆ ಬರೋಣ. ಬ್ಯಾಂಡಿನ ಕಡೆಯವರು ಹೇಳುತ್ತ ಬಂದಿರುವ ಸಂಖ್ಯೆ ಮೂರು ಲಕ್ಷ. ಅದೇ ಪ್ರವಾಸದಲ್ಲಿ ಅವರು ಆಡಿದ ಲಂಡನ್ನಿನ ಹ್ಯಾಮರ್‌ಸ್ಮಿತ್ ಓಡಿಯನ್‌ನಲ್ಲಿ ಹಿಡಿಸುತ್ತಿದ್ದದ್ದು ಸುಮಾರು ಮೂರೂವರೆ ಸಾವಿರ ಜನ. ರಿಯೊದ ಒಂದು ಸಂಜೆಯ ಜನವನ್ನು ಅಲ್ಲಿ ಕೂರಿಸಬೇಕಾದರೆ 86 ರಾತ್ರಿ ತುಂಬಿದ ಶೋ ಬೇಕು. ರಿಯೊ ಮುಗಿಸಿ ಅದೇ ತಿಂಗಳು ನ್ಯೂಯಾರ್ಕಿಗೆ ಹೋಗಿ ರೇಡಿಯೊ ಸಿಟಿ ಮ್ಯೂಸಿಕ್ ಹಾಲ್‌ನಲ್ಲಿ ನಿಂತರು, ಅಲ್ಲಿ ಸುಮಾರು ಆರು ಸಾವಿರ ಕುರ್ಚಿ. ಐವತ್ತರಲ್ಲಿ ಒಂದು ಪಾಲಿಗೆ ಕುಗ್ಗಿದ ಜನ. ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ನಲವತ್ತು ಸಾವಿರ ಹಿಡಿದರೆ, ಅಂಥವು ಏಳು ತುಂಬಿ ಎಂಟನೆಯದರ ಅರ್ಧ. ಇಷ್ಟು ಜನ ಒಂದೇ ಬಾಗಿಲಲ್ಲಿ ಎರಡು ಸೆಕೆಂಡಿಗೊಬ್ಬರಂತೆ ಒಳಗೆ ಬಂದಿದ್ದರೆ ಕೊನೆಯವನು ಕಾಲಿಡುವುದಕ್ಕೆ ಏಳು ದಿನ. ಉತ್ಸವ ನಡೆದದ್ದೇ ಹತ್ತು ದಿನ.

ಮೂರು ಲಕ್ಷ ನಂಬುವಂಥದೆ? ನಿಂತ ಜನವನ್ನು ಅಳೆಯಲು ಒಂದು ಹಳೆಯ ಉಪಾಯವಿದೆ. 1960ರ ದಶಕದಲ್ಲಿ ಅಮೆರಿಕದ ಬರ್ಕ್‌ಲಿಯಲ್ಲಿ ಪತ್ರಿಕೋದ್ಯಮ ಕಲಿಸುತ್ತಿದ್ದ ಹರ್ಬರ್ಟ್ ಜೇಕಬ್ಸ್ ತನ್ನ ಕಚೇರಿಯ ಕಿಟಕಿಯಿಂದ ವಿದ್ಯಾರ್ಥಿಗಳ ಸಭೆಗಳನ್ನು ನೋಡುತ್ತ, ನೆಲದ ಚೌಕಗಳನ್ನು ಎಣಿಸಿ ಒಂದು ಸೂತ್ರ ಕಟ್ಟಿದ. ಜನ ಸಡಿಲವಾಗಿ ನಿಂತರೆ ತಲೆಗೆ ಹತ್ತು ಚದರಡಿ, ಒತ್ತಾಗಿ ನಿಂತರೆ ನಾಲ್ಕೂವರೆ. ಬೆಂಗಳೂರಿನವರಿಗೆ ಚದರಡಿಯ ಭಾಷೆ ತಾಯಿಭಾಷೆಗಿಂತ ಚೆನ್ನಾಗಿ ಗೊತ್ತು, ಅದರಲ್ಲೇ ಹೇಳುತ್ತೇನೆ. ಒಂದು ಮೂವತ್ತು ನಲವತ್ತರ ಸೈಟಿನಲ್ಲಿ ಒತ್ತೊತ್ತಾಗಿ 266 ಜನ ನಿಲ್ಲಬಹುದು. ಮೂರು ಲಕ್ಷಕ್ಕೆ ಅಂಥ 1,125 ಸೈಟು, ಅಂದರೆ ಸುಮಾರು 31 ಎಕರೆ, ರಸ್ತೆ ಚರಂಡಿ ಏನೂ ಬಿಡದೆ. ರಿಯೊದ ಉತ್ಸವಕ್ಕೆಂದು ಹದಗೊಳಿಸಿದ್ದ ನೆಲ 2,50,000 ಚದರ ಮೀಟರ್, ಹತ್ತಿರ ಹತ್ತಿರ 62 ಎಕರೆ. ಸಡಿಲವಾಗಿ ನಿಂತಿದ್ದರೆ 69 ಎಕರೆ ಬೇಕಿತ್ತು, ಜಾಗ ಸಾಲದು. ವೇದಿಕೆ, ಅಂಗಡಿ, ಶೌಚಾಲಯ ಕಳೆದರೆ ಇನ್ನೂ ಕಡಿಮೆ. ಹತ್ತು ದಿನದ ಒಟ್ಟು ಜನ 13.8 ಲಕ್ಷ ಎಂದು ಉತ್ಸವದವರೇ ಹೇಳುವುದರಿಂದ ದಿನದ ಸರಾಸರಿ 1.38 ಲಕ್ಷ. ಮೊದಲ ದಿನ ಅದರ ಎರಡು ಪಟ್ಟಿಗೂ ಮಿಕ್ಕಿರಬೇಕಾಗುತ್ತದೆ. ನನ್ನ ಅಂದಾಜು ಕೇಳಿದರೆ: ಆಗದ ಮಾತಲ್ಲ, ಆದರೆ ಆಗದ ಮಾತಿನ ಹೊಸ್ತಿಲ ಮೇಲೆ ನಿಂತ ಸಂಖ್ಯೆ ಅದು. ಎರಡೇ ಲಕ್ಷ ಅಂದುಕೊಂಡರೂ ಬೆರಗು ಎಲ್ಲಿಗೂ ಹೋಗುವುದಿಲ್ಲ ಬಿಡಿ. ಅಂದಿನ ಬ್ರೆಜಿಲ್ ಜನಸಂಖ್ಯೆ ಹದಿಮೂರೂವರೆ ಕೋಟಿಯ ಆಸುಪಾಸು. ಹತ್ತು ದಿನಗಳಲ್ಲಿ ಗೇಟು ದಾಟಿದ ಕಾಲುಗಳು ದೇಶದ ನೂರಕ್ಕೆ ಒಂದರಷ್ಟು.

ನನಗೆ ಇದಕ್ಕಿಂತ ಸೋಜಿಗವೆನಿಸುವುದು ಸದ್ದಿನ ಸಂಗತಿ. ಬೆಳಕಿಗೆ ಮುನ್ನೂರು ಮೀಟರ್ ಏನೂ ಅಲ್ಲ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ನಡೆಯುವ ಸೋಮಾರಿ. ವೇದಿಕೆಯಲ್ಲಿ ಬಾರಿಸಿದ್ದು ಹಿಂದಿನ ಸಾಲಿಗೆ ತಲುಪುವುದಕ್ಕೆ 0.88 ಸೆಕೆಂಡ್. ಈಗ 'ದ ಟ್ರೂಪರ್' ಹಾಡನ್ನು ತಂದುಕೊಳ್ಳಿ. ನಿಮಿಷಕ್ಕೆ ಸುಮಾರು 160 ಬಡಿತ, ಪ್ರತಿ ಬಡಿತಕ್ಕೂ ಕುದುರೆಯ ನಾಗಾಲೋಟದಂತೆ ಮೂರು ಮೀಟು. ಸ್ಟೀವ್ ಹ್ಯಾರಿಸ್ ಬೇಸ್ ಗಿಟಾರನ್ನು ನುಡಿಸುವುದು ಬರಿ ಬೆರಳಿನಲ್ಲಿ, ಬಿಲ್ಲೆ ಹಿಡಿಯುವುದಿಲ್ಲ. ಆ ಓಟ ಒಂದು ನಿಮಿಷ ನಡೆದರೆ ಬೆರಳು ತಂತಿಗೆ 480 ಸಲ ತಾಗಬೇಕು, ಸೆಕೆಂಡಿಗೆ ಎಂಟು ಸಲ. ಹಿಂದಿನ ಸಾಲಿನವನು ಆ ಬೆರಳು ಕಂಡದ್ದೇ ಆದರೆ, ಈಗ ಕಾಣುವ ಮೀಟು ಅವನಿಗೆ ಕೇಳುವ ಹೊತ್ತಿಗೆ ಬೆರಳು ಇನ್ನೂ ಏಳು ಮೀಟು ಮುಂದೆ ಹೋಗಿರುತ್ತದೆ. ಹಾಡು ಹೇಳುವುದು 1854ರ ಕ್ರಿಮಿಯಾ ಯುದ್ಧದಲ್ಲಿ ಫಿರಂಗಿಗಳ ಬಾಯಿಗೆ ನುಗ್ಗಿದ ಬ್ರಿಟಿಷ್ ಕುದುರೆ ಸವಾರರ ಕಥೆ. ಅವರು 670ರಷ್ಟು ಮಂದಿ. ಸವಾರನೊಬ್ಬನಿಗೆ ನಾನೂರಕ್ಕೂ ಮೀರಿ ಕೇಳುಗರು.

ದೊಡ್ಡ ಮೈದಾನಗಳಲ್ಲಿ ಈ ತಡಕ್ಕೆ ಮದ್ದು ಇದೆ. ನಡುವೆ ಸ್ಪೀಕರ್ ಗೋಪುರ ನಿಲ್ಲಿಸಿ, ಅದರಿಂದ ಹೊರಡುವ ಸದ್ದನ್ನು ಬೇಕೆಂದೇ ಅಷ್ಟು ಹೊತ್ತು ತಡೆದು ಬಿಡುತ್ತಾರೆ. ಮುಂದಿನ ಸದ್ದೂ ಗೋಪುರದ ಸದ್ದೂ ಕೂಡಿಕೊಂಡು ಕಿವಿಗೆ ಒಂದೇ ಆಗಿ ಬೀಳುತ್ತದೆ. ಆದರೆ ಕಣ್ಣಿಗೂ ಕಿವಿಗೂ ಇರುವ ಅಂತರ ಹಾಗೇ ಉಳಿಯುತ್ತದೆ, ಅದನ್ನು ಯಾವ ಎಂಜಿನಿಯರೂ ಮುಚ್ಚಲಾರ. ಅದಕ್ಕೇ ಇಂಥ ಜಾತ್ರೆಗಳಲ್ಲಿ ಎಲ್ಲರೂ ಒಟ್ಟಿಗೆ ಚಪ್ಪಾಳೆ ತಟ್ಟಿದರೂ ಕೈಗಳು ಮುಂದಿನಿಂದ ಹಿಂದಕ್ಕೆ ಗದ್ದೆಯ ಮೇಲೆ ಗಾಳಿ ಹೋದಂತೆ ಎದ್ದು ಬೀಳುತ್ತವೆ. ಇನ್ನೂ ಒಂದು ಲೆಕ್ಕ ಹಾಕಿ ನೋಡಿದೆ. ಆ ಕಾಲದ ನೇರ ಪ್ರಸಾರದ ಸಂಕೇತ ಭೂಮಿಯಿಂದ 36,000 ಕಿ.ಮೀ. ಮೇಲಿನ ಉಪಗ್ರಹಕ್ಕೆ ಏರಿ ಮತ್ತೆ ಇಳಿಯುವುದಕ್ಕೆ ಕಾಲು ಸೆಕೆಂಡ್ ಸಾಕು. ಎರಡು ಸಾವಿರ ಕಿ.ಮೀ. ದೂರದ ಊರಿನಲ್ಲಿ ಮನೆಯ ನಡುಮನೆಯಲ್ಲಿ ಟಿ.ವಿ. ಮುಂದೆ ನೇರ ಪ್ರಸಾರ ನೋಡುತ್ತ ಕೂತ ಹುಡುಗನಿಗೆ, ದುಡ್ಡು ಕೊಟ್ಟು ಮೈದಾನದ ಹಿಂಬದಿಯಲ್ಲಿ ನಿಂತ ಅಣ್ಣನಿಗಿಂತ ಮೊದಲೇ ಹಾಡು ಕೇಳುತ್ತದೆ!

ರಕ್ತದ ಗುಟ್ಟೂ ಇದರಲ್ಲೇ ಇದೆ ಅನ್ನಿಸುತ್ತದೆ. ಉತ್ಸವದ ದೃಶ್ಯಗಳು ಬ್ರೆಜಿಲ್‌ನ ಟಿ.ವಿ.ಯಲ್ಲಿ ಬಂದವು, ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಇಳಿದವು, ರಿಯೊದ ಒಂದಷ್ಟು ಭಾಗ 2008ರಲ್ಲಿ ಬಂದ 'ಲೈವ್ ಆಫ್ಟರ್ ಡೆತ್' ಡಿ.ವಿ.ಡಿ.ಯಲ್ಲೂ ಸೇರಿತು. ಹತ್ತಿರದ ಕ್ಯಾಮೆರಾ ಕಂಡದ್ದು ದೂರದ ಕಣ್ಣು ಕಂಡದ್ದರ ಮೇಲೆ ಮೆಲ್ಲಗೆ ಕೂತುಬಿಟ್ಟಿದೆ. ಸುಳ್ಳು ಅನ್ನಲಾರೆ. ಅವರು ಅಲ್ಲಿದ್ದರು, ರಕ್ತವೂ ಅಲ್ಲಿತ್ತು. ಎರಡರ ನಡುವಿನ ಮುನ್ನೂರು ಮೀಟರನ್ನು ನೆನಪು ಮಡಚಿ ಇಟ್ಟಿದೆ.

ಆ ದಿನದ ಉಳಿದ ಸರದಿಗಳನ್ನು ಬೇಗ ಹೇಳಿಬಿಡುತ್ತೇನೆ. ಡೆಫ್ ಲೆಪರ್ಡ್ ಬರಬೇಕಿತ್ತು. 1984ರ ಡಿಸೆಂಬರ್ 31ರಂದು ಅದರ ಡ್ರಮ್ಮರ್ ರಿಕ್ ಆಲನ್ ಕಾರು ಅಪಘಾತದಲ್ಲಿ ಎಡಗೈ ಕಳೆದುಕೊಂಡ. ಆ ಜಾಗಕ್ಕೆ ವೈಟ್‌ಸ್ನೇಕ್ ಬಂತು. ಬ್ರೆಜಿಲ್‌ನ ಜನಪ್ರಿಯ ಗಾಯಕ ಎರಾಸ್ಮೊ ಕಾರ್ಲೊಸ್ ಹಾಡಲು ನಿಂತಾಗ ಕಪ್ಪು ಅಂಗಿಯ ಹುಡುಗರು ಕೂಗಿ ಗಲಾಟೆ ಮಾಡಿದರು. ಇಂಥ ಹುಡುಗರಿಗೆ ಆ ಹತ್ತು ದಿನಗಳಲ್ಲಿ ಟಿ.ವಿ.ಯವರು ಅಂಟಿಸಿದ ಹೆಸರು 'ಮೆಟಲೇರೊ'. ಪೋರ್ಚುಗೀಸಿನಲ್ಲಿ ಆ ಪ್ರತ್ಯಯ ನಮ್ಮ 'ಗಾರ' ಇದ್ದ ಹಾಗೆ, ಕೆಲಸ ಹಿಡಿದು ಕರೆಯುವುದಕ್ಕೆ. ಮೆಟಲ್‌ಗಾರರು! ಹಳೆಯ ಅಭಿಮಾನಿಗಳಲ್ಲಿ ಹಲವರಿಗೆ ಇವತ್ತಿಗೂ ಆ ಪದ ಕೇಳಿದರೆ ಮೈ ಉರಿಯುತ್ತದೆ.

ನಾಲ್ಕು ದಿನ ಬಿಟ್ಟು, ಜನವರಿ 15ರಂದು, 21 ವರ್ಷದ ಸೇನಾಡಳಿತ ಕಂಡಿದ್ದ ದೇಶ ಟ್ಯಾಂಕ್ರೆಡೊ ನೆವೆಸ್ ಎಂಬ ನಾಗರಿಕನನ್ನು ಅಧ್ಯಕ್ಷನನ್ನಾಗಿ ಆರಿಸಿತು. ಬಿದ್ದ ಮತ 480, ಎದುರಾಳಿಗೆ 180. ಹ್ಯಾರಿಸ್‌ನ ಬೆರಳಿನ ಲೆಕ್ಕದ ಸಂಖ್ಯೆಯೇ ಇಲ್ಲಿ ಮತ್ತೆ ಕಂಡಾಗ ನಾನು ಒಬ್ಬನೇ ನಕ್ಕೆ. ಬೇರೆ ಅರ್ಥವೇನಿಲ್ಲ.

ಒತ್ತಿ ನಿಂತ ಜನದ ಲೆಕ್ಕ ಯಾವಾಗಲೂ ಬೆರಗಿನಲ್ಲೇ ಮುಗಿಯುವುದಿಲ್ಲ. 1988ರ ಆಗಸ್ಟ್ 20ರಂದು ಇಂಗ್ಲೆಂಡಿನ ಡೊನಿಂಗ್ಟನ್‌ನಲ್ಲಿ ಮೇಡನ್ನೇ ಮುಖ್ಯ ಬ್ಯಾಂಡ್. ಸೇರಿದವರು 1,07,000. ಹೊಸದಾಗಿ ಹೆಸರು ಮಾಡುತ್ತಿದ್ದ ಗನ್ಸ್ ಎನ್ ರೋಸಸ್ ಹಗಲಿನ ಸರದಿಯಲ್ಲಿ ಆಡುತ್ತಿದ್ದಾಗ ಮುಂಭಾಗದ ಕೆಸರಿನಲ್ಲಿ ಜನ ಕುಸಿದು, ನೂಕಿನಲ್ಲಿ ಇಬ್ಬರು ಹುಡುಗರು ಸತ್ತರು. ಮರುವರ್ಷ ಉತ್ಸವ ನಡೆಯಲಿಲ್ಲ. 1990ರಲ್ಲಿ ಮತ್ತೆ ತೆರೆದಾಗ 72,500ಕ್ಕಿಂತ ಹೆಚ್ಚು ಜನ ಕೂಡದು ಎಂದು ಮಿತಿ ಹಾಕಿದರು. ತಲೆಗೆ ನಾಲ್ಕೂವರೆ ಚದರಡಿ ಅಂತ ಮೇಲೆ ಸಲೀಸಾಗಿ ಬರೆದೆನಲ್ಲ, ಒಂದು ಗಜ ದೂರದಲ್ಲಿ ಅದು ಎರಡಾಗಿರುವುದು ನೂಕಿಸಿಕೊಳ್ಳುತ್ತಿರುವವನಿಗೆ ಮಾತ್ರ ಗೊತ್ತಾಗುತ್ತದೆ.

ಮೇಡನ್ ಬೆಂಗಳೂರಿಗೆ ಬಂದದ್ದು 2007ರ ಮಾರ್ಚ್ 17ರಂದು, ಅರಮನೆ ಮೈದಾನಕ್ಕೆ. ಆಗ ನಾನೂ ಹೋಗಿದ್ದೆ. ಆ ದಿನದ ಸಪೋರ್ಟ್ ಸರದಿ ದೆಹಲಿಯ ಪರಿಕ್ರಮ ಬ್ಯಾಂಡಿನದು. 1991ರಲ್ಲಿ ಶುರುವಾದ ತಂಡ, ಹದಿನಾರು ವರ್ಷ ಕಾಲೇಜು ಮೈದಾನಗಳನ್ನೇ ಸುತ್ತಿ ಹಣ್ಣಾದವರು. ಅವರ ಪಿಟೀಲು ದೂಳಿನ ಮೇಲೆ ತೇಲಿ ಬಂದದ್ದು ಕಿವಿಯಲ್ಲಿ ಇನ್ನೂ ಇದೆ. ಮೇಡನ್ನವರಿಗೆ ಎಷ್ಟು ಹಿಡಿಸಿತೆಂದರೆ, ಅದೇ ಜೂನ್‌ನಲ್ಲಿ ಡೊನಿಂಗ್ಟನ್‌ನ ಡೌನ್‌ಲೋಡ್ ಉತ್ಸವಕ್ಕೆ ಅವರನ್ನು ಕರೆಸಿಕೊಂಡರು. ಯಾರಿಗೋ ಮುಂಚೆ ಆಡಿ ಇಳಿಯುವುದರಲ್ಲಿ ಇಂಥ ಬಾಗಿಲೂ ಇರುತ್ತದೆ.

ನಾನು ಕಂಡದ್ದೇನು? ಪ್ರಾಮಾಣಿಕವಾಗಿ ಹೇಳಬೇಕೆಂದರೆ ಮುಂದೆ ನಿಂತಿದ್ದ ಆರಡಿ ಹುಡುಗನ ಬೆನ್ನು. ಅವನ ಟೀ ಶರ್ಟಿನ ಮೇಲೆ ಎಡ್ಡಿ ಬಾವುಟ ಹಿಡಿದು ನಿಂತಿದ್ದ. ಬೆವರಿಗೆ ಬಟ್ಟೆ ಅಂಟಿಕೊಂಡು ಎಡ್ಡಿಯ ದವಡೆ ಒಂದು ಕಡೆಗೆ ಸೊಟ್ಟಗಾಗಿತ್ತು. ಅವನು ಕೈ ಎತ್ತಿದಾಗಲೆಲ್ಲ ಕಂಕುಳ ಸಂದಿಯಲ್ಲಿ ವೇದಿಕೆಯ ಒಂದು ತುಂಡು ಕಾಣುತ್ತಿತ್ತು, ಅದರಲ್ಲಿ ಒಂದೊಂದು ಸಲ ಡಿಕಿನ್ಸನ್ ಓಡಿ ಹೋಗುತ್ತಿದ್ದ. ಹೆಸರುಕಾಳಿಗಿಂತ ದೊಡ್ಡವನಿದ್ದ, ಕಡಲೆಕಾಳು ಅನ್ನಬಹುದು.

ಜೊತೆಗೆ ಬಂದಿದ್ದ ಗೆಳೆಯ ಈಗ ಹೊರದೇಶದಲ್ಲಿದ್ದಾನೆ. ಫೋನಿನಲ್ಲಿ ಆ ರಾತ್ರಿಯ ಮಾತು ಬಂದರೆ ಜಗಳ ಗ್ಯಾರಂಟಿ.

"ನಲವತ್ತೈದು ಸಾವಿರ ಇತ್ತು ಮಾರಾಯ," ಅನ್ನುತ್ತಾನೆ.

"ಮೂವತ್ತರ ಮೇಲೆ ಒಂದೂ ಇರಲಿಲ್ಲ ಕಣೋ," ಅನ್ನುತ್ತೇನೆ.

ಮೊದಲ ಹಾಡು ಯಾವುದೆಂದು ಇಬ್ಬರಿಗೂ ಒಮ್ಮತವಿಲ್ಲ. ಪಕ್ಕದಲ್ಲಿ ಯಾರು ನಿಂತಿದ್ದರೆಂದು ನೆನಪಿಲ್ಲ. ಆದರೆ ಹಾಡಿನ ಮಧ್ಯೆ ಹಿಂದಿನಿಂದ ಯಾರದೋ ಮೊಬೈಲಿಗೆ ಮೆಸೇಜ್ ಬಂದು, ಸುದ್ದಿ ಕಿವಿಯಿಂದ ಕಿವಿಗೆ ಹರಿದು ನಮ್ಮವರೆಗೂ ಮುಟ್ಟಿದ್ದು ಇಬ್ಬರಿಗೂ ನೆನಪಿದೆ. ಅದೇ ಹೊತ್ತಿಗೆ ವೆಸ್ಟ್ ಇಂಡೀಸಿನ ಪೋರ್ಟ್ ಆಫ್ ಸ್ಪೇನ್‌ನಲ್ಲಿ ವಿಶ್ವಕಪ್ ಪಂದ್ಯ ನಡೆಯುತ್ತಿತ್ತು, ಬಾಂಗ್ಲಾದೇಶದ ಎದುರು ನಮ್ಮವರ ವಿಕೆಟ್ ಒಂದೊಂದಾಗಿ ಉರುಳುತ್ತಿದ್ದವು. ರಾತ್ರಿ ಮೇಖ್ರಿ ವೃತ್ತದ ಕಡೆಗೆ ನಡೆದು ಹೋಗುತ್ತ, ಕಿವಿಯಲ್ಲಿ ಇನ್ನೂ ಗುಂಯ್ ಅನ್ನುತ್ತಿದ್ದಾಗ, ಬೀಡಾ ಅಂಗಡಿಯ ಪುಟ್ಟ ಟಿ.ವಿ.ಯಲ್ಲಿ ಭಾರತದ ಮೊತ್ತ ಕಂಡಿತು. ಅದೊಂದು ಸಂಖ್ಯೆಯ ಬಗ್ಗೆ ನಮ್ಮಿಬ್ಬರಿಗೆ ಯಾವತ್ತೂ ಜಗಳವಾಗಿಲ್ಲ: 191.