ಅಳತಿ ನೋಡೀದಿ, ತೂಕ ನೋಡಿಲ್ಲ

ಅಪ್ಪನ ಕೆಲಸ ಏನು ಎಂದು ಯಾರಾದರೂ ಕೇಳಿದರೆ ಮೊನ್ನೆ ಮೊನ್ನೆಯವರೆಗೂ ನಾನು ‘ಬಿಸಿನೆಸ್’ ಎನ್ನುತ್ತಿದ್ದೆ. ಕಾಲೇಜಿನ ಅರ್ಜಿಯಲ್ಲೂ ಅದನ್ನೇ ಬರೆದಿದ್ದೆ. ನಿಜ ಹೇಳಬೇಕೆಂದರೆ ಅಪ್ಪ ಹುಬ್ಬಳ್ಳಿಯಲ್ಲಿ ಲಾರಿಗಳ ಪಾಟಾ ಕಟ್ಟುತ್ತಾರೆ. ಲಾರಿಯ ಚಕ್ರದ ಬಳಿ ಬಿಲ್ಲಿನಂತೆ ಬಾಗಿ, ಒಂದರ ಮೇಲೊಂದು ಕೂತಿರುವ ಉಕ್ಕಿನ ಪಟ್ಟಿಗಳನ್ನು ನೋಡಿರುತ್ತೀರಿ. ಪುಸ್ತಕದಲ್ಲಿ ಅದು ಲೀಫ್ ಸ್ಪ್ರಿಂಗ್, ನಮ್ಮೂರಲ್ಲಿ ಪಾಟಾ. ಮಧ್ಯಾಹ್ನ ಬುತ್ತಿ ಕೊಡಲು ಹೋದಾಗ ಕೇಳುತ್ತಿದ್ದ ಸುತ್ತಿಗೆಯ ಸದ್ದು, ಕಾದ ಉಕ್ಕನ್ನು ಎಣ್ಣೆಯಲ್ಲಿ ಅದ್ದಿದಾಗ ಏಳುತ್ತಿದ್ದ ಹೊಗೆ, ಇಷ್ಟೇ ನನಗೆ ಆ ಕೆಲಸದ ಪರಿಚಯ. ‘ಹೆಣ್ಣುಹುಡುಗಿಗೆ ಇಲ್ಲೇನ ಕೆಲಸ, ಮನಿಗ್ ನಡಿ’ ಎಂದು ಅಪ್ಪ ಕಳಿಸಿಬಿಡುತ್ತಿದ್ದರು. ನನಗೂ ಅದೇ ಬೇಕಿತ್ತು.

ಈಗ ನಾನು ಅಮೆರಿಕದ ಮಿಷಿಗನ್‌ನಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಎಂ.ಎಸ್. ಕೊನೆಯ ವರ್ಷದಲ್ಲಿದ್ದೇನೆ. ಕಳೆದ ಬೇಸಿಗೆಯಲ್ಲಿ ಇಂಟರ್ನ್‌ಶಿಪ್‌ಗೆ ಹಾಕಿದ ಅರ್ಜಿಗಳೆಲ್ಲ ತಿರಸ್ಕೃತವಾಗಿ, ರೂಮಿನಲ್ಲಿ ಸುಮ್ಮನೆ ಕೂತಿದ್ದೆ. ಮನೆಯ ಮಾಲೀಕರು ನಿವೃತ್ತ ಶಾಲಾ ಮೇಷ್ಟ್ರು. ಒಂದು ದಿನ ಗ್ಯಾರೇಜಿಗೆ ಕರೆದು, ಮೇಲೆ ಹೊದಿಸಿದ್ದ ಬಟ್ಟೆ ತೆಗೆದರು. ಒಳಗೆ ಚೀಸ್ ತುಂಡಿನ ಆಕಾರದ, ಎರಡೇ ಸೀಟಿನ ಪುಟ್ಟ ಕಾರು! ಅದು 1976ರ ಸಿಟಿಕಾರ್.

1973ರಲ್ಲಿ ಅರಬ್ ದೇಶಗಳು ತೈಲ ಪೂರೈಕೆ ನಿಲ್ಲಿಸಿದಾಗ ಅಮೆರಿಕದ ಪೆಟ್ರೋಲ್ ಬಂಕ್‌ಗಳ ಮುಂದೆ ಉದ್ದುದ್ದ ಸಾಲು ನಿಂತಿತ್ತು. ಆ ಹೊತ್ತಿನಲ್ಲಿ ಫ್ಲಾರಿಡಾದ ಸೀಬ್ರಿಂಗ್ ಎಂಬ ಸಣ್ಣ ಊರಿನಲ್ಲಿ ಬಾಬ್ ಬೋಮಾಂಟ್ ಎಂಬುವವರ ಸೀಬ್ರಿಂಗ್-ವ್ಯಾನ್‌ಗಾರ್ಡ್ ಕಂಪನಿ ಈ ಎಲೆಕ್ಟ್ರಿಕ್ ಕಾರು ಮಾಡಲು ಹೊರಟಿತು. ಅಲ್ಯೂಮಿನಿಯಂ ಚೌಕಟ್ಟು, ಪ್ಲಾಸ್ಟಿಕ್ ಮೈ, ಸೀಟಿನ ಕೆಳಗೆ ಸೀಸದ ಬ್ಯಾಟರಿಗಳು. ವೇಗ ಗಂಟೆಗೆ ಹೆಚ್ಚೆಂದರೆ 60 ಕಿ.ಮೀ. ಆಸುಪಾಸು. 1974ರಿಂದ 1977ರವರೆಗೆ ನಡೆದ ಕಂಪನಿ ಬಾಗಿಲು ಹಾಕಿತು. ಆಮೇಲೆ ಬೇರೆಯವರು ಅದನ್ನು ಕೊಂಡು ‘ಕಮ್ಯೂಟಾ-ಕಾರ್’ ಎಂಬ ಹೆಸರಲ್ಲಿ ಕೆಲವು ವರ್ಷ ಮಾಡಿದರು. ಎಲ್ಲ ಸೇರಿ ತಯಾರಾದದ್ದು ನಾಲ್ಕು ಸಾವಿರಕ್ಕೂ ಹೆಚ್ಚು. ನಮ್ಮ ಬೆಂಗಳೂರಿನ ರೇವಾ ರಸ್ತೆಗೆ ಬಂದದ್ದು 2001ರಲ್ಲಿ. ಅದಕ್ಕೂ ಕಾಲು ಶತಮಾನ ಮೊದಲಿನ ಕಾರು ಇದು.

ಮೇಷ್ಟ್ರು ಆಗಲೇ ಸೀಸದ ಬ್ಯಾಟರಿ ತೆಗೆದು ಲಿಥಿಯಂ ಬ್ಯಾಟರಿ ಕೂರಿಸಿದ್ದರು. ಮೋಟಾರು ತಿರುಗುತ್ತಿತ್ತು. ಆದರೆ ಕಾರು ಎಡಗಡೆ ವಾಲಿತ್ತು. ಬಗ್ಗಿ ನೋಡಿದರೆ ಹಿಂದಿನ ಎಡಚಕ್ರದ ಪಟ್ಟಿ ನಟ್ಟನಡುವಿನ ಬೋಲ್ಟಿನ ಹತ್ತಿರ ಮುರಿದಿತ್ತು. ಬೋಲ್ಟಿಗಾಗಿ ತೂತು ಕೊರೆದ ಜಾಗವೇ ಪಟ್ಟಿಯಲ್ಲಿ ದುರ್ಬಲ. ಮಿಷಿಗನ್‌ನಲ್ಲಿ ಚಳಿಗಾಲಕ್ಕೆ ರಸ್ತೆಗೆ ಉಪ್ಪು ಹಾಕುತ್ತಾರೆ, ತುಕ್ಕು ಬೇರೆ ತಿಂದಿತ್ತು. ‘ನೀನು ಇಂಜಿನಿಯರ್ ಅಲ್ಲವೇ, ಹುಡುಕಿ ಕೊಡ್ತೀಯಾ?’ ಎಂದರು.

ಎರಡು ದಿನದ ಕೆಲಸ ಅಂದುಕೊಂಡೆ. ಬಿಡಿಭಾಗದ ಅಂಗಡಿಗೆ ಹೋದರೆ ಅಲ್ಲಿನ ಕಂಪ್ಯೂಟರ್ ಮೊದಲು ಕೇಳುವುದು ವರ್ಷ, ಕಂಪನಿ, ಮಾಡೆಲ್. ಪಟ್ಟಿಯಲ್ಲಿ ಆ ಕಂಪನಿಯ ಹೆಸರೇ ಇಲ್ಲ. ಹೆಸರಿಲ್ಲದಿದ್ದರೆ ಮುಂದಿನ ಪರದೆ ತೆರೆಯುವುದೇ ಇಲ್ಲ. ಹಳೇ ಕಾರು ಬಿಚ್ಚಿ ಮಾರುವವರ ಬಳಿ ಸಿಕ್ಕರೂ ಅದು 50 ವರ್ಷ ದಣಿದ ಉಕ್ಕು. ಕೊನೆಗೆ ನಾನೇ ಟೇಪು ಹಿಡಿದೆ. ಎರಡು ತುದಿಯ ಕಣ್ಣುಗಳ ನಡುವಿನ ಉದ್ದ, ಕಣ್ಣಿನಿಂದ ನಡುಬೋಲ್ಟಿಗೆ ದೂರ, ಪಟ್ಟಿಯ ಅಗಲ ಎಲ್ಲ ಬರೆದುಕೊಂಡೆ. ಹೊಲದ ಸಾಮಾನು ಮಾರುವ ಅಂಗಡಿಯಲ್ಲಿ ಸಣ್ಣ ಟ್ರೇಲರ್‌ಗೆ ಹಾಕುವ ಸ್ಪ್ರಿಂಗ್ ಜೋಡಿ ಸಿಕ್ಕಿತು. ಉದ್ದ ಸರಿ, ಅಗಲ ಸರಿ, ಕಣ್ಣೂ ಸರಿ. ಕೂರಿಸಿದೆವು.

ಮೇಷ್ಟ್ರನ್ನು ಪಕ್ಕ ಕೂರಿಸಿಕೊಂಡು ಮನೆಯ ಮುಂದಿನ ರಸ್ತೆಗೆ ತಂದೆ. ಕಾರಿನ ಹಿಂಭಾಗ ಮೇಲೆದ್ದು ನಿಂತಿತ್ತು. ಸಣ್ಣ ಗುಂಡಿ ಬಂದರೂ ಆಡಿನ ಮರಿಯಂತೆ ಜಿಗಿಯಿತು. ತಿರುವಿನಲ್ಲಿ ಹಿಂದಿನ ಚಕ್ರ ನೆಲ ಬಿಟ್ಟ ಹಾಗಾಗಿ ನನ್ನ ಕೈ ನಡುಗಿತು. ಮೇಷ್ಟ್ರು ಬೆನ್ನು ಹಿಡಿದುಕೊಂಡು ಇಳಿದರು. ಬೈಯಲಿಲ್ಲ, ಮತ್ತೆ ಬಟ್ಟೆ ಹೊದಿಸಿದರು. ಬೈದಿದ್ದರೆ ವಾಸಿಯಿತ್ತು.

ಆ ರಾತ್ರಿ ಅಪ್ಪನಿಗೆ ವಿಡಿಯೊ ಕಾಲ್ ಮಾಡಿದೆ. ನನಗೆ ಒಂಬತ್ತೂವರೆ, ಅವರಿಗೆ ಬೆಳಿಗ್ಗೆ ಏಳು. ಮೊದಲ ದಿನವೇ ಯಾಕೆ ಕೇಳಲಿಲ್ಲ? ಎಂ.ಎಸ್. ಓದುವವಳಿಗೆ ಎಂಟನೆಯ ಇಯತ್ತೆ ಓದಿದ ಅಪ್ಪ ಏನು ಹೇಳಬಲ್ಲರು ಎಂಬ ಸೊಕ್ಕು, ಅಷ್ಟೇ.

ಅಪ್ಪ ಫೋಟೊ ನೋಡಿ ಒಂದೇ ಪ್ರಶ್ನೆ ಕೇಳಿದರು. ‘ಲೋಡ್ ಎಷ್ಟೈತಿ?’

ನನ್ನ ಬಳಿ ಉತ್ತರವಿರಲಿಲ್ಲ.

‘ಅವ್ವಿ, ಅಳತಿ ನೋಡೀದಿ, ತೂಕ ನೋಡಿಲ್ಲ. ಪಾಟಾ ಗಾಡಿಗಲ್ಲ, ಗಾಡಿ ಮ್ಯಾಲಿನ ಭಾರಕ್ಕ ಕಟ್ಟೂದು.’

ಮರುದಿನ ಬಚ್ಚಲುಮನೆಯ ತೂಕದ ಯಂತ್ರವನ್ನು ಒಂದೊಂದೇ ಚಕ್ರದ ಕೆಳಗಿಟ್ಟು, ಉಳಿದ ಮೂರು ಚಕ್ರಗಳಿಗೆ ಅಷ್ಟೇ ಎತ್ತರದ ಹಲಗೆ ಕೊಟ್ಟು ತೂಗಿದೆ. ಹಿಂದಿನ ಒಂದೊಂದು ಚಕ್ರದ ಮೇಲೆ ಸುಮಾರು 110 ಕೆ.ಜಿ. ನಾನು ಹಾಕಿದ್ದು ತಲಾ 450 ಕೆ.ಜಿ. ಹೊರುವ ಸ್ಪ್ರಿಂಗ್! ಹಳೆಯ ಎಂಟು ಸೀಸದ ಬ್ಯಾಟರಿಗಳೇ 225 ಕೆ.ಜಿ. ಹತ್ತಿರ ಇದ್ದವು, ಲಿಥಿಯಂ ಬಂದ ಮೇಲೆ ಅದರ ಮೂರನೇ ಒಂದು ಭಾಗವೂ ಉಳಿದಿಲ್ಲ. ಎಂದರೆ ಕಂಪನಿಯ ಅಸಲಿ ಸ್ಪ್ರಿಂಗ್ ಹೊಸದಾಗಿ ಸಿಕ್ಕಿದ್ದರೂ ಈ ಕಾರಿಗೆ ಬಿಗಿಯೇ ಆಗುತ್ತಿತ್ತು. ಇಷ್ಟು ದಿನ ನಾನು ಹುಡುಕಿದ್ದೇ ತಪ್ಪು ವಸ್ತುವನ್ನು.

ಪಟ್ಟಿಯ ಬಿಗಿತ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ಪಡೆದವಳು ನಾನು. 6 ಮಿ.ಮೀ. ಪಟ್ಟಿಯ ಜಾಗಕ್ಕೆ 7 ಮಿ.ಮೀ. ಪಟ್ಟಿ ಬಂದರೆ ಬಿಗಿತ ಸುಮಾರು ಶೇ 60ರಷ್ಟು ಹೆಚ್ಚುತ್ತದೆ. ಸೂತ್ರ ಬಾಯಿಪಾಠವಿತ್ತು, ಅಂಗಡಿಯಲ್ಲಿ ಮಾತ್ರ ದಪ್ಪದ ಕಡೆ ಕಣ್ಣೇ ಹೋಗಿರಲಿಲ್ಲ.

ಅಪ್ಪ ಅಷ್ಟಕ್ಕೆ ಬಿಡಲಿಲ್ಲ. ಮುಂದಿನ ಪಟ್ಟಿಗಳನ್ನೂ ಬಿಚ್ಚಿಸಿದರು. ಒಂದೊಂದನ್ನೂ ದಾರದಲ್ಲಿ ತೂಗುಬಿಟ್ಟು ಸಣ್ಣ ಸುತ್ತಿಗೆಯಿಂದ ಬಡಿ, ಮೊಬೈಲು ಹತ್ತಿರ ಹಿಡಿ ಎಂದರು. ಮೂರು ಪಟ್ಟಿ ಗಂಟೆಯಂತೆ ಅಂದವು. ನಾಲ್ಕನೆಯದಕ್ಕೆ, ‘ಇನ್ನೊಮ್ಮಿ ಹೊಡಿ. ಹಾಂ, ಇದು ಒಡದ ಗಡಿಗಿ ಹಂಗ ಅಂತೈತಿ’ ಎಂದರು. ನನ್ನ ಕಣ್ಣಿಗೆ ಏನೂ ಕಾಣಲಿಲ್ಲ. ಅವರು ಹೇಳಿದಂತೆ ಸೀಮೆಎಣ್ಣೆ ಸವರಿ, ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸಿದೆ. ಸ್ವಲ್ಪ ಹೊತ್ತಿಗೆ ಬಿಳಿ ಪುಡಿಯ ಮೇಲೆ ಕೂದಲೆಳೆಯಂಥ ಗೆರೆ ಒದ್ದೆಯಾಗಿ ಮೂಡಿತು. ಮುಂದಿನ ಚಕ್ರದ ಪಟ್ಟಿ ಅದು. ಓಡುವಾಗ ಮುರಿದಿದ್ದರೆ? ನಾನೂ ಮೇಷ್ಟ್ರೂ ಸುಮ್ಮನೆ ನಿಂತುಬಿಟ್ಟೆವು.

ಒಂದೂವರೆ ಗಂಟೆ ದೂರದಲ್ಲಿ ಲಾರಿ ಸ್ಪ್ರಿಂಗ್ ಕಟ್ಟುವ ಹಳೇ ವರ್ಕ್‌ಶಾಪ್ ಇದೆ ಎಂದು ಗೊತ್ತಾಯಿತು. ಒಳಗೆ ಕಾಲಿಟ್ಟರೆ ಅದೇ ಸುಟ್ಟ ಎಣ್ಣೆಯ ವಾಸನೆ, ಅದೇ ಸುತ್ತಿಗೆಯ ಸದ್ದು. ಕಾರಿನ ಹೆಸರು ಹೇಳಿದೆ, ಅಲ್ಲಿನ ಹಿರಿಯ ಕೆಲಸಗಾರ ಕೇಳಿಸಿಕೊಳ್ಳಲೂ ಇಲ್ಲ. ಅವರೂ ಕೇಳಿದ್ದು ಅದನ್ನೇ, ‘ಲೋಡ್ ಎಷ್ಟು?’ ಈ ಸಲ ನಾಲ್ಕೂ ಚಕ್ರದ ತೂಕ ಬರೆದ ಹಾಳೆ ನನ್ನ ಕೈಯಲ್ಲಿತ್ತು. ಜನ ಕೂತಾಗ ಬೀಳುವ ಭಾರವನ್ನೂ ಕೂಡಿಸಿ, ತೆಳುವಾದ ಪಟ್ಟಿ ಆರಿಸಿ, ಹಳೆಯದರ ಅಳತೆಗೇ ಬಾಗಿಸಿ, ನಾಲ್ಕನ್ನೂ ಮಾಡಿಕೊಟ್ಟರು. ಒಂದು ಕಡೆ ಹೊಸದು, ಇನ್ನೊಂದು ಕಡೆ ಹಳೆಯದು ಹಾಕಿದರೆ ಗಾಡಿ ಮತ್ತೆ ವಾಲುತ್ತದೆ, ಬದಲಿಸಿದರೆ ಜೋಡಿಯಾಗಿಯೇ ಬದಲಿಸಬೇಕು ಎಂದು ಅವರೂ ಎಚ್ಚರಿಸಿದರು. ಅಪ್ಪ ಇದನ್ನು ಮೊದಲೇ ಹೇಳಿದ್ದರು.

ಈಗ ಮೇಷ್ಟ್ರು ಆ ಕಾರಿನಲ್ಲೇ ಲೈಬ್ರರಿಗೆ ಹೋಗಿ ಬರುತ್ತಾರೆ.

ಕಳೆದ ತಿಂಗಳು ಒಂದು ಸಂದರ್ಶನದಲ್ಲಿ, ‘ನೀವು ಮಾಡಿದ ತಪ್ಪೊಂದನ್ನು ಹೇಳಿ’ ಎಂದರು. ಮೊದಲಾಗಿದ್ದರೆ ನುಣುಪಾದ ಉತ್ತರವೊಂದನ್ನು ಹೊಸೆಯುತ್ತಿದ್ದೆ. ಈ ಕಥೆ ಹೇಳಿದೆ. ‘ಪಟ್ಟಿಯನ್ನು ಬಡಿದು ನೋಡುವುದನ್ನು ಎಲ್ಲಿ ಕಲಿತಿರಿ?’ ಎಂದು ಕೇಳಿದರು. ‘ನಮ್ಮಪ್ಪ ಹುಬ್ಬಳ್ಳಿಯಲ್ಲಿ ಸ್ಪ್ರಿಂಗ್ ಕಟ್ಟುತ್ತಾರೆ’ ಎಂದೆ. ಬೇರೆಯವರ ಮುಂದೆ ಆ ಮಾತು ಹೇಳಿದ್ದು ಅದೇ ಮೊದಲು. ಆ ಕೆಲಸ ನನಗೆ ಸಿಗಲಿಲ್ಲ, ಹುಡುಕಾಟ ನಡೆದೇ ಇದೆ. ಆದರೆ ಅಂದು ಹೊರಬರುವಾಗ, ಹಿಂದಿನ ಸಂದರ್ಶನಗಳ ಹಾಗೆ ತಲೆ ತಗ್ಗಿಸಿರಲಿಲ್ಲ.

ಕೆಲಸ ಹುಡುಕುತ್ತಿರುವ ಗೆಳೆಯರೇ, ಅರ್ಜಿಯಲ್ಲಿ ‘ಬಿಸಿನೆಸ್’ ಎಂದು ಬರೆದು ಮುಚ್ಚಿಟ್ಟ ಕೆಲಸವೊಂದು ನಿಮ್ಮ ಮನೆಯಲ್ಲೂ ಇರಬಹುದು. ಒಂದು ದಿನ ಬುತ್ತಿ ಕೊಡಲು ಹೋದಾಗ ತುಸು ಹೊತ್ತು ನಿಂತು ನೋಡಿ.

ಮುರಿದ ಪಟ್ಟಿಯನ್ನು ಗುಜರಿಗೆ ಹಾಕಲು ಹೊರಟಾಗ ಅಪ್ಪ ತಡೆದಿದ್ದರು. ‘ಒಗೀಬ್ಯಾಡ. ಛಲೋ ಉಕ್ಕು ಅದು, ಕುಡಗೋಲು ಆಕ್ಕೈತಿ.’ ಅದರ ಒಂದು ತುಂಡು ನನ್ನ ಮೇಜಿನ ಮೇಲಿದೆ. ಊರಿಗೆ ಬರುವಾಗ ತರುತ್ತೇನೆ. ಕುಡಗೋಲು ಬಡಿಯುವುದನ್ನು ಈ ಸಲ ಅಪ್ಪ ನನಗೇ ಕಲಿಸಬೇಕು.