ವಿಳಾಸ ಬದಲಾದರೆ ರಕ್ತವೂ ಬದಲಾದೀತೇ?

1994ರಲ್ಲಿ ಅಮೆರಿಕದ ವಸತಿ ಮತ್ತು ನಗರಾಭಿವೃದ್ಧಿ ಇಲಾಖೆ ಬಡ ಕುಟುಂಬಗಳ ನಡುವೆ ಒಂದು ಲಾಟರಿ ಎತ್ತಲು ಶುರುಮಾಡಿತು. ಚೀಟಿ ಬಂದವರಿಗೆ ಬೇರೆ ಕಡೆ ಬಾಡಿಗೆ ಮನೆ ಹಿಡಿಯಲು ಸರ್ಕಾರದ ನೆರವಿನ ವೋಚರ್ ಸಿಗುತ್ತಿತ್ತು. ಬಾಲ್ಟಿಮೋರ್, ಬಾಸ್ಟನ್, ಷಿಕಾಗೊ, ಲಾಸ್ ಏಂಜಲೀಸ್, ನ್ಯೂಯಾರ್ಕ್ ನಗರಗಳ ಕಡುಬಡ ಪ್ರದೇಶಗಳಲ್ಲಿ ಸರ್ಕಾರಿ ವಸತಿಗಳಲ್ಲಿದ್ದ 4,604 ಕುಟುಂಬಗಳು 1998ರ ಹೊತ್ತಿಗೆ ಈ ಯೋಜನೆಯೊಳಗೆ ಬಂದವು. ಎಲ್ಲವೂ ಮಕ್ಕಳಿದ್ದ ಮನೆಗಳು, ಬಹುಪಾಲು ತಾಯಂದಿರೇ ನಿಭಾಯಿಸುತ್ತಿದ್ದ ಸಂಸಾರಗಳು. ಇದ್ದ ಜಾಗ ಬಿಟ್ಟು ಯಾಕೆ ಹೋಗಬೇಕು ಎಂದು ಕೇಳಿದಾಗ ಹೆಚ್ಚಿನವರು ಹೇಳಿದ ಕಾರಣ ಒಂದೇ: ಗ್ಯಾಂಗುಗಳ ಮತ್ತು ಮಾದಕ ವಸ್ತುಗಳ ಕಾಟದಿಂದ ದೂರ ಹೋಗಬೇಕು.

ಲಾಟರಿ ಇವರನ್ನು ಮೂರು ಗುಂಪು ಮಾಡಿತು. ಮೊದಲನೆಯ ಗುಂಪಿನವರು ತಮ್ಮ ವೋಚರ್ ಬಳಸಿ ಮನೆ ಹಿಡಿಯಬೇಕಿದ್ದದ್ದು ಬಡವರ ಪ್ರಮಾಣ ಶೇ 10ಕ್ಕಿಂತ ಕಡಿಮೆ ಇರುವ ಬಡಾವಣೆಯಲ್ಲೇ. ಎರಡನೆಯವರು ಎಲ್ಲಿ ಬೇಕಾದರೂ ಹೋಗಬಹುದಿತ್ತು. ಮೂರನೆಯವರಿಗೆ ಈ ಯೋಜನೆಯಿಂದ ಹೊಸದಾಗಿ ಏನೂ ಸಿಗಲಿಲ್ಲ.

ಹತ್ತರಿಂದ ಹದಿನೈದು ವರ್ಷ ಕಳೆದ ಮೇಲೆ ಸಂಶೋಧಕರು ಈ ತಾಯಂದಿರನ್ನು ಹುಡುಕಿಕೊಂಡು ಮತ್ತೆ ಹೋದರು. ತೂಕ ನೋಡಿದರು, ಎತ್ತರ ಅಳೆದರು, ಬೆರಳ ತುದಿ ಚುಚ್ಚಿ ಹನಿ ರಕ್ತವನ್ನು ಕಾಗದದ ಮೇಲೆ ಇಳಿಸಿಕೊಂಡು ಒಣಗಿಸಿದರು. ಆ ಹನಿಗಳಲ್ಲಿ ನೋಡಿದ್ದು ನಮ್ಮಲ್ಲೂ ಸಕ್ಕರೆ ಕಾಯಿಲೆಯವರಿಗೆಲ್ಲ ಬಾಯಿಪಾಠವಾಗಿರುವ ಎಚ್‌ಬಿಎ1ಸಿ. ರಕ್ತದಲ್ಲಿ ಓಡಾಡುವ ಸಕ್ಕರೆ ಕೆಂಪು ಕಣಗಳ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದೆ. ಅಂಟಿದ್ದು ಆ ಕಣ ಸಾಯುವ ತನಕ ಬಿಡುವುದಿಲ್ಲ. ಕಣದ ಆಯಸ್ಸು ಸುಮಾರು 120 ದಿನ. ಹಾಗಾಗಿ ಪರೀಕ್ಷೆಯ ಹಿಂದಿನ ರಾತ್ರಿ ಉಪವಾಸವಿದ್ದರೂ ಇದು ಮೋಸಹೋಗದು. ಎರಡು ಮೂರು ತಿಂಗಳ ಲೆಕ್ಕವನ್ನು ಹಾಗೆಯೇ ಒಪ್ಪಿಸುತ್ತದೆ. ಶೇ 6.5 ಅಥವಾ ಅದಕ್ಕೂ ಹೆಚ್ಚಿದ್ದರೆ ಮಧುಮೇಹ.

ಈ ಸಂಶೋಧಕರಾದ ಜೆನ್ಸ್ ಲುಡ್ವಿಗ್ ಮತ್ತು ಸಂಗಡಿಗರು 2011ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಫಲಿತಾಂಶ ಪ್ರಕಟಿಸಿದರು. ವೋಚರ್ ಸಿಗದ ಮಹಿಳೆಯರಲ್ಲಿ ಶೇ 20ರಷ್ಟು ಮಂದಿ 6.5ರ ಗೆರೆ ದಾಟಿದ್ದರು. ಬಡತನ ಕಡಿಮೆ ಇರುವ ಬಡಾವಣೆಯ ವೋಚರ್ ಪಡೆದ ಗುಂಪಿನಲ್ಲಿ ಆ ಪ್ರಮಾಣ 4.3 ಶೇಕಡಾ ಅಂಶದಷ್ಟು ಕಡಿಮೆ. ಬಿಎಂಐ 35 ಮೀರಿದ ತೀವ್ರ ಬೊಜ್ಜಿನಲ್ಲೂ ಹೆಚ್ಚುಕಡಿಮೆ ಅಷ್ಟೇ ಇಳಿಕೆ. ವೋಚರ್ ಕೈಗೆ ಬಂದರೂ ಅದನ್ನು ಬಳಸಿ ಮನೆ ಬದಲಿಸಿದವರು ಅರ್ಧದಷ್ಟು ಮಾತ್ರ. ಹೋಗದೆ ಉಳಿದವರನ್ನೂ ಸೇರಿಸಿ ಹಾಕಿದ ಲೆಕ್ಕವಿದು. ನಿಜವಾಗಿ ಹೋದವರಲ್ಲಿ ಪರಿಣಾಮ ಇದರ ಸುಮಾರು ಎರಡು ಪಟ್ಟು ಎಂದು ಅಂದಾಜು.

ಈ ಅಧ್ಯಯನಕ್ಕೆ ಇಷ್ಟು ಬೆಲೆ ಬಂದದ್ದು ಲಾಟರಿಯಿಂದಾಗಿ. ಕೊಳಕು, ಗದ್ದಲ, ಭಯ ತುಂಬಿದ ಕೇರಿಗಳಲ್ಲಿ ಕಾಯಿಲೆ ಹೆಚ್ಚು ಎಂಬುದು ಹಳೆಯ ಮಾತು. ಅದಕ್ಕೆ ಎದುರುವಾದವೂ ಅಷ್ಟೇ ಹಳೆಯದು: ಕೈಯಲ್ಲಿ ಕಾಸಿಲ್ಲದವರು, ಮೊದಲೇ ಕಾಯಿಲೆಯವರು ಅಂಥ ಕಡೆಗೆ ಬಂದು ಸೇರುತ್ತಾರೆ, ಕೇರಿಯನ್ನೇಕೆ ದೂರಬೇಕು? ಸಾಮಾನ್ಯ ಸಮೀಕ್ಷೆಗಳು ಈ ಗಂಟನ್ನು ಪೂರ್ತಿ ಬಿಡಿಸಲಾರವು. ಇಲ್ಲಿ ಮಾತ್ರ ಯಾರು ಯಾವ ಗುಂಪಿಗೆ ಎಂಬುದನ್ನು ಅದೃಷ್ಟವೇ ನಿರ್ಧರಿಸಿತ್ತು. ಹೊಸ ಬಡಾವಣೆಗೆ ಹೋದ ತಾಯಂದಿರ ಸಂಪಾದನೆಯೇನೂ ಹೇಳಿಕೊಳ್ಳುವಂತೆ ಏರಲಿಲ್ಲ, ಕೆಲಸವೂ ಹೆಚ್ಚು ಸಿಗಲಿಲ್ಲ. ಹಣ ಹೆಚ್ಚದೆಯೂ ರಕ್ತದ ಸಕ್ಕರೆಯಲ್ಲಿ ವ್ಯತ್ಯಾಸವಾಯಿತು ಎಂದರೆ ಸುತ್ತಲಿನ ಜಾಗಕ್ಕೇ ಏನೋ ಶಕ್ತಿಯಿದೆ ಎಂದು ಒಪ್ಪಲೇಬೇಕಾಗುತ್ತದೆ.

ಆ ಶಕ್ತಿ ಯಾವುದು? ಸಂಜೆ ಹೆದರದೆ ನಡೆದಾಡುವ ಅವಕಾಶವೋ, ತಾಜಾ ತರಕಾರಿಯ ಅಂಗಡಿಯೋ, ರಾತ್ರಿ ಗುಂಡಿನ ಸದ್ದಿಲ್ಲದ ನಿದ್ದೆಯೋ? ಈ ಪ್ರಯೋಗ ಅವನ್ನು ಬಿಡಿಬಿಡಿಯಾಗಿ ಅಳೆದಿಲ್ಲ. ಆದರೆ ದೇಹ ಒತ್ತಡವನ್ನು ಹೇಗೆ ಲೆಕ್ಕಕ್ಕೆ ಬರೆದುಕೊಳ್ಳುತ್ತದೆ ಎಂಬ ಬಗ್ಗೆ ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದ ಬ್ರೂಸ್ ಮ್ಯಾಕ್‌ಇವೆನ್ 1993ರಲ್ಲಿ ಎಲಿಯಟ್ ಸ್ಟೆಲ್ಲರ್ ಜೊತೆಗೂಡಿ ಒಂದು ವಿಚಾರ ಮುಂದಿಟ್ಟಿದ್ದರು. ಅಪಾಯ ಎದುರಾದಾಗ ಅಡ್ರಿನಲಿನ್, ಕಾರ್ಟಿಸಾಲ್ ಏರುತ್ತವೆ, ರಕ್ತದೊತ್ತಡ ಹೆಚ್ಚುತ್ತದೆ, ಯಕೃತ್ತು ಸಕ್ಕರೆ ಬಿಡುಗಡೆ ಮಾಡುತ್ತದೆ. ಓಡಲು, ಕಾದಾಡಲು ಇದು ಬೇಕೇ ಬೇಕು. ಅಪಾಯ ಕಳೆದ ಮೇಲೆ ಎಲ್ಲವೂ ಇಳಿಯಬೇಕು. ಬಾಗಿಲಾಚೆಯ ಬೀದಿಯೇ ದಿನವೂ ಅಪಾಯದ ಸೂಚನೆ ಕೊಡುತ್ತಿದ್ದರೆ ಇಳಿಯುವುದಾದರೂ ಯಾವಾಗ? ಬಿಡುವಿಲ್ಲದೆ ಓಡುವ ಪಂಪ್‌ಸೆಟ್ಟಿನಂತೆ ದೇಹ ಬಿಸಿಯೇರುತ್ತಲೇ ಸವೆಯುತ್ತದೆ. ಈ ಸವೆತಕ್ಕೆ ಅವರು ‘ಅಲೊಸ್ಟಾಟಿಕ್ ಲೋಡ್’ ಎಂದು ಹೆಸರಿಟ್ಟರು. ಬಿಪಿ, ಸೊಂಟದ ಸುತ್ತಳತೆ, ಕೊಲೆಸ್ಟೆರಾಲ್, ಎಚ್‌ಬಿಎ1ಸಿ, ಒತ್ತಡದ ಹಾರ್ಮೋನುಗಳು ಎಲ್ಲವನ್ನೂ ಕೂಡಿಸಿ ಅದನ್ನು ಒಂದು ಅಂಕಿಯಾಗಿ ಅಳೆಯುವ ಪದ್ಧತಿಯೂ ಬಂತು.

ಕಾರ್ಟಿಸಾಲ್ ಬೆಳಗ್ಗೆ ಏಳುವ ಹೊತ್ತಿಗೆ ಏರಿ, ದಿನ ಕಳೆದಂತೆ ಇಳಿದು, ರಾತ್ರಿಗೆ ತಳ ಸೇರಬೇಕು. ಸ್ಕಾಟ್ಲೆಂಡಿನ ಡಂಡೀ ನಗರದ ಬಡ ಪ್ರದೇಶಗಳಲ್ಲಿ, ಕೆಲಸವಿಲ್ಲದ ನಡುವಯಸ್ಸಿನವರ ಎಂಜಲಿನ ಮಾದರಿಯನ್ನು ದಿನದ ಬೇರೆ ಬೇರೆ ಹೊತ್ತಿನಲ್ಲಿ ತೆಗೆದು ನೋಡಿದರು. ಸುತ್ತ ಹಸಿರು ಹೆಚ್ಚಿದ್ದ ಕಡೆ ವಾಸಿಸುವವರಲ್ಲಿ ಈ ಇಳಿಜಾರು ಇರಬೇಕಾದಂತೆ ಕಡಿದಾಗಿತ್ತು. ಹಸಿರು ಕಡಿಮೆಯಿದ್ದಲ್ಲಿ ಚಪ್ಪಟೆಯಾಗಿತ್ತು. ಇದು ಸಣ್ಣ ಅಧ್ಯಯನ, ಲಾಟರಿಯ ಬಲವೂ ಇದಕ್ಕಿಲ್ಲ. ಆದರೂ ಇದು ತೋರಿಸುವ ದಿಕ್ಕು ಮುಖ್ಯ.

ಎಲ್ಲರನ್ನೂ ಒಳ್ಳೆಯ ಬಡಾವಣೆಗೆ ಸಾಗಿಸುವುದು ಆಗದ ಮಾತು. ಸಾಗಿಸುವುದರಲ್ಲಿ ನಷ್ಟವೂ ಇದೆ. ಅದೇ ಲಾಟರಿಯ ಕುಟುಂಬಗಳ ಮಕ್ಕಳನ್ನು ಹಿಂಬಾಲಿಸಿದ 2014ರ ವರದಿಯಲ್ಲಿ ಹುಡುಗಿಯರ ಖಿನ್ನತೆ ಕಡಿಮೆಯಾಗಿದ್ದರೆ, ಹುಡುಗರಲ್ಲಿ ಅದು ಹೆಚ್ಚಿತ್ತು. ಗೆಳೆಯರು, ನೆಂಟರು, ಬೆಳೆದ ಓಣಿ ಎಲ್ಲವೂ ಕೈತಪ್ಪುವುದು ಸಣ್ಣ ಸಂಗತಿಯಲ್ಲ. ಜನರನ್ನು ಕದಲಿಸದೆ ಅವರ ಬೀದಿಯನ್ನೇ ಬದಲಿಸಿದರೆ ಏನಾಗುತ್ತದೆ ಎಂಬ ಪ್ರಶ್ನೆ ಹೆಚ್ಚು ಉಪಯುಕ್ತ.

ಫಿಲಡೆಲ್ಫಿಯಾದಲ್ಲಿ ಇದನ್ನು ಅಗ್ಗವಾಗಿ ಮಾಡಿ ನೋಡಿದರು. ಹಾಳುಬಿದ್ದ ಖಾಲಿ ನಿವೇಶನಗಳ ಕಸ ತೆಗೆದು, ನೆಲ ಸಮ ಮಾಡಿ, ಹುಲ್ಲು ಮತ್ತು ಕೆಲವು ಮರ ಬೆಳೆಸಿ, ಗಿಡ್ಡನೆಯ ಮರದ ಬೇಲಿ ಹಾಕುವುದು, ಅಷ್ಟೇ. ಅದೇ ಬೀದಿಯ ಕೆಲವು ನಿವಾಸಿಗಳು ಎದೆಬಡಿತ ಅಳೆಯುವ ಯಂತ್ರ ಕಟ್ಟಿಕೊಂಡು, ನಿವೇಶನ ಚೊಕ್ಕಟವಾಗುವ ಮೊದಲೊಮ್ಮೆ, ಆಮೇಲೊಮ್ಮೆ ಅದರ ಮುಂದೆ ನಡೆದರು. ಹಸಿರಾದ ನಿವೇಶನ ಕಣ್ಣಿಗೆ ಬಿದ್ದಾಗ ಬಡಿತ ನಿಮಿಷಕ್ಕೆ ಐದಕ್ಕಿಂತ ಹೆಚ್ಚು ಇಳಿದಿತ್ತು. ಮುಂದೆ ಇದೇ ನಗರದಲ್ಲಿ 541 ಖಾಲಿ ನಿವೇಶನಗಳನ್ನು ಆಯ್ದು, ಯಾವುದಕ್ಕೆ ಹಸಿರು ಎಂಬುದನ್ನು ಅದೃಷ್ಟಕ್ಕೆ ಬಿಟ್ಟು ನಡೆಸಿದ ದೊಡ್ಡ ಪ್ರಯೋಗ 2018ರಲ್ಲಿ ಹೊರಬಂತು. ಹಸಿರು ಮಾಡಿದ ನಿವೇಶನಗಳ ಸುತ್ತಲಿನವರಲ್ಲಿ ಮನಸ್ಸು ಕುಗ್ಗಿದೆ ಎನ್ನುವವರು ಶೇ 40ಕ್ಕೂ ಹೆಚ್ಚು ಕಡಿಮೆಯಾಗಿದ್ದರು.

ಕೆಂಟಕಿಯ ಲೂಯಿವಿಲ್‌ನಲ್ಲಿ ಕೆಲಸ ಇನ್ನೂ ದೊಡ್ಡದು. ಹೃದಯ ಮತ್ತು ಪರಿಸರದ ಸಂಬಂಧ ಅಧ್ಯಯನ ಮಾಡುವ ಅರುಣಿ ಭಟ್ನಾಗರ್ ನೇತೃತ್ವದ ‘ಗ್ರೀನ್ ಹಾರ್ಟ್’ ತಂಡ ನಗರದ ದಕ್ಷಿಣ ಭಾಗದ 745 ನಿವಾಸಿಗಳ ರಕ್ತ, ಮೂತ್ರ, ಕೂದಲು, ಉಗುರುಗಳನ್ನು ಮೊದಲೇ ಸಂಗ್ರಹಿಸಿತು. ಆಮೇಲೆ ಒಂದು ಭಾಗದಲ್ಲಿ 8,000ಕ್ಕೂ ಹೆಚ್ಚು ದೊಡ್ಡ ಮರ ಮತ್ತು ಪೊದೆಗಳನ್ನು ನೆಟ್ಟಿತು. ನೆಟ್ಟದ್ದು ಎಳೆ ಸಸಿಗಳಲ್ಲ, ಆಗಲೇ ಬಲಿತ ಮರಗಳು. ಸಸಿ ಬೆಳೆಯುವ ತನಕ ಕಾಯುತ್ತ ಕೂತರೆ ಪ್ರಯೋಗವೇ ಮುಗಿಯದು. ಅವರು ಗಮನಿಸಿದ ಮುಖ್ಯ ಗುರುತು ಸಿಆರ್‌ಪಿ. 1930ರಲ್ಲಿ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಪತ್ತೆಯಾದ ಈ ಪ್ರೋಟೀನನ್ನು ಯಕೃತ್ತು ತಯಾರಿಸುತ್ತದೆ. ಮೈಯಲ್ಲಿ ಎಲ್ಲೇ ಉರಿಯೂತವಿರಲಿ ಇದರ ಮಟ್ಟ ಏರುತ್ತದೆ. ಜ್ವರವಿಲ್ಲ, ಗಾಯವಿಲ್ಲ, ಆದರೂ ಇದು ಸದಾ ಸ್ವಲ್ಪ ಏರಿಯೇ ಇದ್ದರೆ ಹೃದಯಾಘಾತದ ಸಾಧ್ಯತೆ ಹೆಚ್ಚು. ಮರ ನೆಟ್ಟ ಭಾಗದವರಲ್ಲಿ ಸೂಕ್ಷ್ಮ ಪರೀಕ್ಷೆಯಲ್ಲಿ ಅಳೆದ ಸಿಆರ್‌ಪಿ ಶೇ 13ರಿಂದ 20ರಷ್ಟು ಕಡಿಮೆ ಎಂದು ತಂಡ 2024ರ ಆಗಸ್ಟ್‌ನಲ್ಲಿ ಸಮ್ಮೇಳನವೊಂದರಲ್ಲಿ ಹೇಳಿತು. ಬೇರೆ ಊರುಗಳಲ್ಲೂ ಇದು ಸಾಬೀತಾಗಬೇಕಿದೆ ನಿಜ. ಆದರೆ ಮಾತ್ರೆಯನ್ನು ಪರೀಕ್ಷಿಸುವಂತೆ ಮರವನ್ನು ಪರೀಕ್ಷಿಸಬಹುದು ಎಂದು ತೋರಿಸಿದ್ದೇ ದೊಡ್ಡ ಸಾಧನೆ.

ನಮ್ಮ ಊರುಗಳ ಲೆಕ್ಕವೂ ನಿಧಾನವಾಗಿ ಸಿಗುತ್ತಿದೆ. ದೆಹಲಿ ಮತ್ತು ಚೆನ್ನೈಗಳ ಸುಮಾರು 12,000 ವಯಸ್ಕರನ್ನು ಏಳು ವರ್ಷ ಗಮನಿಸಿದ, 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅವರವರ ಮನೆಯ ಸುತ್ತಲಿನ ಗಾಳಿಯಲ್ಲಿರುವ, ಪಿಎಂ 2.5 ಎಂಬ ಅತಿಸಣ್ಣ ಕಣಗಳ ದೂಳನ್ನು ಅಂದಾಜು ಮಾಡಿ ರಕ್ತದೊಂದಿಗೆ ಹೋಲಿಸಿದರು. ದೂಳು ಹೆಚ್ಚಿದಂತೆ ರಕ್ತದ ಸಕ್ಕರೆಯೂ ಎಚ್‌ಬಿಎ1ಸಿಯೂ ಹೆಚ್ಚುತ್ತಿದ್ದವು. ಒಬ್ಬೊಬ್ಬರಲ್ಲಿ ಆದ ಏರಿಕೆ ಚಿಕ್ಕದು. ಒಂದು ನಗರದವರೆಲ್ಲ ಅದೇ ಗಾಳಿ ಉಸಿರಾಡುವಾಗ ಚಿಕ್ಕದು ಚಿಕ್ಕದಾಗಿ ಉಳಿಯುವುದಿಲ್ಲ.

ಬೆಂಗಳೂರಿನ ಮರಗಳನ್ನು ಸಂಶೋಧಕಿ ಹರಿಣಿ ನಾಗೇಂದ್ರ ಮತ್ತು ಸಂಗಡಿಗರು ಬೀದಿಗಿಳಿದು ಅಳೆದಿದ್ದಾರೆ. ಮರವಿರುವ ರಸ್ತೆಯನ್ನೂ ಬೋಳು ರಸ್ತೆಯನ್ನೂ ಹೋಲಿಸಿದ ಅವರ 2013ರ ವರದಿಯ ಪ್ರಕಾರ, ಮಧ್ಯಾಹ್ನದ ಗಾಳಿಯ ಉಷ್ಣಾಂಶ ಮರದ ನೆರಳಿನಲ್ಲಿ 5.6 ಡಿಗ್ರಿ ಸೆಲ್ಸಿಯಸ್‌ವರೆಗೂ, ಡಾಂಬರಿನ ಮೇಲ್ಮೈಯ ಬಿಸಿ 27.5 ಡಿಗ್ರಿಯವರೆಗೂ ಕಡಿಮೆಯಿತ್ತು. ಮರವಿದ್ದ ರಸ್ತೆಗಳ ಪೈಕಿ ಶೇ 80ರಲ್ಲಿ ಗಾಳಿಯ ದೂಳು ಮಿತಿಯೊಳಗಿತ್ತು. ಬೋಳು ರಸ್ತೆಗಳಲ್ಲಿ ಅರ್ಧದಷ್ಟು ಕಡೆ ಅದು ಮಿತಿಯ ಎರಡು ಪಟ್ಟಿನ ಹತ್ತಿರ. ಅಂಥ ರಸ್ತೆಯಲ್ಲಿ ಮಧ್ಯಾಹ್ನವಿಡೀ ನಿಲ್ಲುವವರು ತಳ್ಳುಗಾಡಿಯವರು, ಹೂ ಮಾರುವವರು, ಪೌರಕಾರ್ಮಿಕರು. ಕಾರಿನ ಗಾಜು ಏರಿಸಿಕೊಂಡು ಹೋಗುವವರಿಗೆ ಈ ವ್ಯತ್ಯಾಸ ಗೊತ್ತಾಗುವುದೇ ಇಲ್ಲ.

ಕರ್ನಾಟಕದ 1976ರ ಮರ ಸಂರಕ್ಷಣಾ ಕಾಯ್ದೆಯಲ್ಲಿ, ಸಾರ್ವಜನಿಕ ಕಾಮಗಾರಿಗಾಗಿ 50ಕ್ಕಿಂತ ಹೆಚ್ಚು ಮರ ಕಡಿಯಬೇಕಾದರೆ ವೃಕ್ಷ ಅಧಿಕಾರಿ ಮೊದಲು ಜನರ ಆಕ್ಷೇಪಣೆ ಕೇಳಬೇಕು ಎಂಬ ನಿಯಮವಿದೆ. ನೆರಳು, ಹಕ್ಕಿ, ಹಳೆಯ ನೆನಪುಗಳ ಜೊತೆಗೆ ಆ ಬೀದಿಯವರ ಬಿಪಿ, ಸಿಆರ್‌ಪಿ, ಎಚ್‌ಬಿಎ1ಸಿಗಳನ್ನೂ ಆ ಆಕ್ಷೇಪಣೆಯಲ್ಲಿ ಎತ್ತುವುದಕ್ಕೆ ಈಗ ವಿಜ್ಞಾನದ ಆಧಾರವಿದೆ.